ಹಾಲಿನ ತಂಪು ಮತ್ತು ವಿದ್ಯುತ್ತಿನ ವೆಚ್ಚ
(ತಾಲ್ಲೂಕು ಮಟ್ಟದ ಕಾರ್ಯಾಗಾರದಲ್ಲಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಗೃಹಜ್ಯೋತಿ ಯೋಜನೆಯಡಿ ಮನೆಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ಆದ್ದರಿಂದ ಹಸು ಸಾಕುವ ರೈತನಿಗೆ ವಿದ್ಯುತ್ ದರದ ಬಿಸಿ ನೇರವಾಗಿ ತಟ್ಟುವುದಿಲ್ಲ. ಅದು ತಟ್ಟುವುದು ಸಂಘದ ಶೀತಲೀಕರಣ ಘಟಕದ ಬಿಲ್ಲಿನ ಮೂಲಕ.

2025ರ ಏಪ್ರಿಲ್ 1ರಂದು ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು; ವಿದ್ಯುತ್ ಮೇಲೆ ಯೂನಿಟ್ಟಿಗೆ 36 ಪೈಸೆ ಹೆಚ್ಚುವರಿ ಶುಲ್ಕ ಜಾರಿಗೆ ಬಂದಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತಾಯಿತೆಂದು ಹಲವರು ಆತಂಕಪಟ್ಟರು. ಭಾವನೆಗಿಂತ ಲೆಕ್ಕ ಮುಖ್ಯವಾದುದರಿಂದ ಅದನ್ನೇ ತಮ್ಮ ಮುಂದಿಡುತ್ತೇನೆ.

ಕರೆದ ಹಾಲು ಸುಮಾರು 35 ಡಿಗ್ರಿಯಲ್ಲಿ ಬರುತ್ತದೆ. ಅದನ್ನು 4 ಡಿಗ್ರಿಗೆ ಇಳಿಸಬೇಕು. ಒಂದು ಸಾವಿರ ಲೀಟರಿನಿಂದ ತೆಗೆಯಬೇಕಾದ ಶಾಖ ಸುಮಾರು 35 ಯೂನಿಟ್ಟಿನಷ್ಟು. ಸುಸ್ಥಿತಿಯಲ್ಲಿರುವ ಯಂತ್ರ ಇದನ್ನು ಸುಮಾರು 13 ಯೂನಿಟ್ ವಿದ್ಯುತ್ತಿನಲ್ಲಿ ಮಾಡಿ ಮುಗಿಸುತ್ತದೆ. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೂ ಲೀಟರಿಗೆ ಬೀಳುವುದು ಸುಮಾರು 10 ಪೈಸೆ. ಏರಿದ 36 ಪೈಸೆಯ ಪಾಲು ಲೀಟರಿಗೆ ಅರ್ಧ ಪೈಸೆಯೂ ಆಗದು.

ಹಾಗಾದರೆ ಬಿಲ್ಲು ಏಕೆ ಭಾರವಾಗುತ್ತಿದೆ? ಮೊದಲನೆಯದು, ನಿಗದಿತ ಶುಲ್ಕ. ಇದು ಮಂಜೂರಾದ ವಿದ್ಯುತ್ ಭಾರದ ಮೇಲೆ ಬೀಳುವುದರಿಂದ ಹಾಲು ಕಡಿಮೆ ಬಂದ ತಿಂಗಳಲ್ಲೂ ತಪ್ಪದು. ಎರಡನೆಯದು, ನಿರ್ವಹಣೆಯ ಕೊರತೆ. ಕಂಡೆನ್ಸರಿನಲ್ಲಿ ಧೂಳು ತುಂಬಿದ ಯಂತ್ರ ಅದೇ ಕೆಲಸಕ್ಕೆ ಹೆಚ್ಚು ಹೊತ್ತು ಓಡುತ್ತದೆ. ಮೂರನೆಯದು, ಜನರೇಟರ್. ಸಣ್ಣ ಜನರೇಟರ್ ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 3 ಯೂನಿಟ್ ಕೊಡುತ್ತದೆ. ಡೀಸೆಲ್ 90 ರೂಪಾಯಿಯ ಆಸುಪಾಸಿನಲ್ಲಿರುವಾಗ ಯೂನಿಟ್ಟಿಗೆ 30 ರೂಪಾಯಿ ಆಯಿತು. ಅಂದರೆ ದರ ಏರಿಕೆಗಿಂತ ವಿದ್ಯುತ್ ಕಡಿತವೇ ನಮಗೆ ದುಬಾರಿ.

ಅದಕ್ಕಿಂತಲೂ ದುಬಾರಿಯಾದುದನ್ನು ನಾನೇ ಕಂಡಿದ್ದೇನೆ. ನಮ್ಮ ವ್ಯಾಪ್ತಿಯ ಸಂಘವೊಂದರಲ್ಲಿ ಕಳೆದ ಬೇಸಿಗೆಯ ಒಂದು ಸಂಜೆ ವಿದ್ಯುತ್ ಹೋಯಿತು. ಬ್ಯಾಟರಿ ಸತ್ತಿದ್ದರಿಂದ ಜನರೇಟರ್ ಚಾಲೂ ಆಗಲಿಲ್ಲ. ಬೆಳಗಾಗುವಷ್ಟರಲ್ಲಿ ಟ್ಯಾಂಕಿನ ಹಾಲೆಲ್ಲ ಹುಳಿಯಾಗಿ ಚರಂಡಿಗೆ ಹೋಯಿತು. ಎರಡೇ ಹಸುಗಳನ್ನು ನೆಚ್ಚಿ ಸಂಸಾರ ನಡೆಸುವ ತಾಯಿಯೊಬ್ಬರು ಬಾಗಿಲಲ್ಲಿ ನಿಂತು, ಆ ಹೊತ್ತಿನ ಹಾಲಿನ ಹಣ ಬರುತ್ತದೆಯೇ ಎಂದು ಕೇಳಿದರು. ನನ್ನ ಇಂಜಿನಿಯರಿಂಗ್ ಪದವಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬ್ಯಾಟರಿಯನ್ನು ವಾರಕ್ಕೊಮ್ಮೆ ಪರೀಕ್ಷಿಸಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆದಕಾರಣ ಸಂಘಗಳಲ್ಲಿ ನನ್ನ ಮನವಿ ಇಷ್ಟು:

1. ಪ್ರತಿ ತಿಂಗಳು ಸಾವಿರ ಲೀಟರಿಗೆ ಎಷ್ಟು ಯೂನಿಟ್ ಖರ್ಚಾಯಿತೆಂದು ಫಲಕದಲ್ಲಿ ಬರೆಯಿರಿ. ಅಂಕಿ ಏರಿದರೆ ಮೊದಲು ಯಂತ್ರವನ್ನು ನೋಡಿರಿ.
2. ಕಂಡೆನ್ಸರ್ ಸ್ವಚ್ಛತೆ, ಕೆಪಾಸಿಟರ್ ಸ್ಥಿತಿ ಮತ್ತು ಜನರೇಟರ್ ಬ್ಯಾಟರಿಯ ಪರಿಶೀಲನೆಯನ್ನು ಒಬ್ಬರ ಹೆಸರಿಗೆ ವಹಿಸಿರಿ.
3. ಮಂಜೂರಾದ ಭಾರ ಅಗತ್ಯಕ್ಕಿಂತ ಹೆಚ್ಚಿದ್ದರೆ ಇಳಿಸಲು ಅರ್ಜಿ ಸಲ್ಲಿಸಿರಿ.
4. ಹಾಲು ಟ್ಯಾಂಕಿಗೆ ಸೇರುವ ಮುನ್ನ ಪ್ಲೇಟ್ ಕೂಲರಿನಲ್ಲಿ ಬಾವಿಯ ನೀರಿನಿಂದ 7 ಡಿಗ್ರಿ ಇಳಿಸಿದರೂ ತಂಪುಗೊಳಿಸುವ ಹೊರೆಯಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಆ ನೀರನ್ನು ದನಗಳಿಗೆ ಕುಡಿಸಬಹುದು.
5. ಸೌರ ಫಲಕ ಹಾಕುವ ಮುನ್ನ ಯೋಚಿಸಿರಿ. ಬಿಸಿಲು ಮಧ್ಯಾಹ್ನದ್ದು, ಹಾಲು ಬೆಳಗು ಮತ್ತು ಸಂಜೆಯದು. ಹಗಲು ಮಂಜುಗಡ್ಡೆ ಕಟ್ಟಿಟ್ಟು ಸಂಜೆ ಬಳಸುವ ವ್ಯವಸ್ಥೆ ಇದ್ದರೆ ಇವೆರಡೂ ಹೊಂದುತ್ತವೆ.

ವಿದ್ಯುತ್ ದರವನ್ನು ನಿರ್ಧರಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಹಾಲು ಕರೆಯುವ ಹೊತ್ತಿನಲ್ಲಿ ಕಡಿತ ಬೇಡವೆಂದು ಗ್ರಾಮಸಭೆಯಲ್ಲಿ ನಿರ್ಣಯಿಸಿ, ವಿದ್ಯುತ್ ಸರಬರಾಜು ಕಂಪನಿಗೆ ಲಿಖಿತವಾಗಿ ಕಳುಹಿಸುವುದು ನಮ್ಮ ಕೈಯಲ್ಲಿದೆ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಕೋರುತ್ತೇನೆ.