ಸೋಸಿದ ನೀರು ಮತ್ತು ಸಮಾಜದ ಸ್ವಾಸ್ಥ್ಯ



ಕೊಡದ ಬಾಯಿಗೆ ಕಟ್ಟಿದ ಬಿಳಿಯ ಅರಿವೆಯು ಶ್ರಾವಕನ ಮನೆಯ ಹಳೆಯ ಗುರುತು. ನೀರನ್ನು ಸೋಸದೆ ಕುಡಿಯಬಾರದೆಂಬ ನಿಯಮದ ಮೂಲ ಅಹಿಂಸೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಹಾನಿಯಾಗದಿರಲೆಂದು ಅವುಗಳನ್ನು ಬೇರ್ಪಡಿಸಿ, ಅರಿವೆಗೆ ಅಂಟಿದವನ್ನು ಅದೇ ಜಲಾಶಯಕ್ಕೆ ಮೆಲ್ಲನೆ ಮರಳಿಸುವುದು ಪದ್ಧತಿ. ರೋಗನಿವಾರಣೆಯು ಇದರ ಮೊದಲ ಉದ್ದೇಶವಲ್ಲ. ಆದರೂ ಅನ್ಯಜೀವದ ಮೇಲಿನ ದಯೆಯು ಮನುಷ್ಯನ ದೇಹವನ್ನೂ ಕಾಯಬಲ್ಲುದೆಂಬುದಕ್ಕೆ ನಾರುಹುಣ್ಣಿನ ಕಥೆಯೇ ಸಾಕ್ಷಿ.

ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹಳ್ಳಿಗಳನ್ನು ಕಾಡಿದ ವ್ಯಾಧಿಯಿದು. ಮೆಟ್ಟಿಲುಬಾವಿಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿಸಣ್ಣ ಜೀವಿಯಿರುತ್ತದೆ. ಅದರೊಳಗೆ ಸೇರಿದ ಹುಳುವಿನ ಮರಿಗಳು ನೀರಿನೊಡನೆ ಹೊಟ್ಟೆಗೆ ಹೋಗುತ್ತವೆ. ಸುಮಾರು ಒಂದು ವರ್ಷದ ಬಳಿಕ ಮೊಳಕ್ಕೂ ಉದ್ದವಾದ ದಾರದಂಥ ಹುಳುವು ಹೆಚ್ಚಾಗಿ ಕಾಲಿನ ಚರ್ಮವನ್ನು ಭೇದಿಸಿ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನವೂ ಸ್ವಲ್ಪಸ್ವಲ್ಪವಾಗಿ ಎಳೆಯಬೇಕು. ಬಿತ್ತನೆಯ ಕಾಲಕ್ಕೆ ರೈತನು ಹಾಸಿಗೆ ಹಿಡಿದರೆ ಆ ವರ್ಷದ ಅನ್ನಕ್ಕೇ ಸಂಚಕಾರ. ಉರಿ ತಾಳಲಾರದೆ ಅವನು ಬಾವಿಯ ಮೆಟ್ಟಿಲಿಳಿದು ಕಾಲನ್ನು ನೀರಿಗಿಟ್ಟರೆ ಹುಳುವು ಅಸಂಖ್ಯಾತ ಮರಿಗಳನ್ನು ಬಿಡುತ್ತದೆ. ಒಬ್ಬನ ಗಾಯವು ಇಡೀ ಊರಿನ ಗಾಯವಾಗುವುದು ಹೀಗೆ.

ಈ ರೋಗಕ್ಕೆ ಲಸಿಕೆಯಿಲ್ಲ. ಹುಳುವನ್ನು ಕೊಲ್ಲುವ ಮದ್ದೂ ಇಲ್ಲ. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ನೆಚ್ಚಿದ್ದು ಸರಳ ಉಪಾಯಗಳನ್ನೇ: ನೀರು ಸೋಸುವ ಬಟ್ಟೆ, ಮೆಟ್ಟಿಲುಬಾವಿಗೆ ಬದಲಾಗಿ ಸೇದುವ ಬಾವಿ ಮತ್ತು ಕೈಪಂಪು, ಸೈಕ್ಲಾಪ್ಸ್ ನಾಶಕ್ಕೆ ಔಷಧ, ಹುಣ್ಣುಳ್ಳವರು ನೀರಿಗಿಳಿಯದಂತೆ ತಿಳಿವಳಿಕೆ. ಆಗ ವರ್ಷಕ್ಕೆ ಸುಮಾರು 40 ಸಾವಿರದಷ್ಟಿದ್ದ ರೋಗಿಗಳ ಸಂಖ್ಯೆ ಇಳಿಯುತ್ತ ಬಂದು, 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ನೆರೆಯ ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಅನುಭವವೂ ಗಮನಾರ್ಹ. ಹಲವು ಪದರವಾಗಿ ಮಡಿಸಿದ ಹಳೆಯ ಸೀರೆಯಲ್ಲಿ ನೀರನ್ನು ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಸೋಸುವ ಮನೆಗಳ ನಡುವೆ ವಾಸಿಸಿದ, ತಾವು ಸೋಸದ ಕುಟುಂಬಗಳಿಗೂ ರಕ್ಷಣೆ ದೊರೆತುದು ಮುಂದಿನ ಪರಿಶೀಲನೆಯಲ್ಲಿ ಕಂಡುಬಂದಿತು. ಒಂದು ಮನೆಯ ನಿಯಮವು ನೆರೆಮನೆಯ ಕೂಸನ್ನೂ ಕಾಯಿತು.

ಆದರೆ ಅರಿವೆಯೊಂದನ್ನೇ ನಂಬಿ ಕೂರುವುದು ವಿವೇಕವಲ್ಲ. ವಿಷಮಶೀತಜ್ವರ, ಕಾಮಾಲೆಗಳನ್ನು ತರುವ ಅಣುಜೀವಿಗಳು ನೂಲಿನ ಕಣ್ಣಿನಲ್ಲಿ ನುಸುಳುತ್ತವೆ. ಒಗೆಯದ ಸೋಸುಬಟ್ಟೆಯು ತಾನೇ ರೋಗದ ನೆಲೆಯಾದೀತು. ತ್ಯಾಗಿಗಳ ಆಹಾರಕ್ಕೆ ನೀರನ್ನು ಸೋಸಿ, ಕುದಿಸಿ ಪ್ರಾಸುಕವಾಗಿಸುವ ಕ್ರಮವು ಶ್ರಾವಕರಿಗೆ ಪರಿಚಿತವೇ. ಆ ಎಚ್ಚರವು ಮನೆಯ ಮಕ್ಕಳ ಲೋಟಕ್ಕೂ ಸಲ್ಲಬೇಕು.

ಕೊಳಾಯಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅರಿವೆಯು ಗೂಟವನ್ನೇರಿದೆ. ಪ್ರತಿಷ್ಠಾ ಮಹೋತ್ಸವಕ್ಕೆ ನೆರೆದ ಸಾವಿರಾರು ಜನರು ಒಂದೇ ತೊಟ್ಟಿಯ ನೀರನ್ನು ಕುಡಿಯುವಾಗ ಅದರ ಮುಚ್ಚಳ, ಶುಚಿತ್ವಗಳ ಹೊಣೆ ಎಲ್ಲರದು. ಬಾಯಾರಿ ಬಂದ ಅಪರಿಚಿತನಿಗೆ ಶುದ್ಧಜಲವನ್ನೀಯುವುದು ದಾನವೂ ಹೌದು, ಅಹಿಂಸೆಯೂ ಹೌದು.

ಸರ್ವರಿಗೂ ಆರೋಗ್ಯಭಾಗ್ಯವು ಲಭಿಸಲಿ.