ದೊಡ್ಡಪ್ಪನ ಕೈಯಲ್ಲಿ ಗುರುಗುಟ್ಟುವ ಬೆಕ್ಕು

ಮುಂಬೈಯ ಮುಲುಂಡಿನ ನಮ್ಮ ದೊಡ್ಡಪ್ಪನ ಎಡಗೈಯಲ್ಲಿ, ಮಣಿಕಟ್ಟಿನಿಂದ ತುಸು ಮೇಲೆ ಬೆರಳಿಟ್ಟರೆ ಮಡಿಲಲ್ಲಿ ಬೆಕ್ಕು ಮಲಗಿ ಗುರುಗುಟ್ಟಿದ ಹಾಗಾಗುತ್ತದೆ. ಮನೆಯ ಮಕ್ಕಳೆಲ್ಲ ಸರದಿಯಲ್ಲಿ ನಿಂತು ಮುಟ್ಟುತ್ತಾರೆ. ವೈದ್ಯರು ಅಲ್ಲಿ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದು ಜೋಡಿಸಿದ್ದಾರೆ. ರಕ್ತ ರಭಸದಿಂದ ನುಗ್ಗುವ ಕಂಪನ ಅದು. ಹೆಸರು ಫಿಸ್ಟುಲಾ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಅಲ್ಲಿಗೇ ಎರಡು ಸೂಜಿ: ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ವಾಪಸ್ ಬರುತ್ತದೆ.

ನಮ್ಮ ನಿಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬೇಕಾದದ್ದನ್ನೆಲ್ಲ ಹಿಂದಕ್ಕೆ ಹೀರಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಕಳಿಸುತ್ತವೆ. ದೊಡ್ಡಪ್ಪನವು ಸೋತಿವೆ. ಅವುಗಳ ಕೆಲಸಕ್ಕೆ ನಿಂತಿರುವುದು ಡಯಲೈಸರ್, ಟಾರ್ಚಿನಂಥ ಒಂದು ಪ್ಲಾಸ್ಟಿಕ್ ಕೊಳವೆ. ಒಳಗೆ ಕೂದಲಿನಂಥ ಸಾವಿರಾರು ಟೊಳ್ಳು ಎಳೆಗಳು. ಎಳೆಯೊಳಗೆ ರಕ್ತ, ಹೊರಗೆ ಎದುರು ದಿಕ್ಕಿಗೆ ಹರಿಯುವ ಉಪ್ಪುನೀರು. ಎರಡೂ ಬೆರೆಯುವುದಿಲ್ಲ. ಮತ್ತೆ ಕಸ ಹೋಗುವುದು ಹೇಗೆ?

ಬೆಳಗಿನ ಒಂಬತ್ತಕ್ಕೆ ಕಿಕ್ಕಿರಿದ ಫಾಸ್ಟ್ ಲೋಕಲ್ ದಾದರಿನಲ್ಲಿ ನಿಂತರೆ ಡಬ್ಬಿಯ ಜನ ಖಾಲಿ ಪ್ಲಾಟ್‌ಫಾರ್ಮಿಗೆ ಚೆಲ್ಲುತ್ತಾರೆ. (ದಾದರಿನಲ್ಲಿ ಖಾಲಿ ಪ್ಲಾಟ್‌ಫಾರ್ಮೇ ಎಂದು ನಗಬೇಡಿ, ಇದೆ ಎಂದುಕೊಳ್ಳಿ.) ಇಲ್ಲೂ ಹಾಗೆಯೇ. ಎಳೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ರಕ್ತದ ಕಸವಾದ ಯೂರಿಯಾ ಕಣಗಳಿಗೆ ಇಳಿಯುವ ಆತುರವೇನಿಲ್ಲ, ಸುಮ್ಮನೆ ಅತ್ತಿತ್ತ ಅಲೆಯುತ್ತವೆ. ದಟ್ಟಣೆ ರಕ್ತದ ಕಡೆ ಇರುವುದರಿಂದ ಆಚೆ ದಾಟುವವೇ ಹೆಚ್ಚು. ರಕ್ತಕಣಗಳು ದೊಡ್ಡ ಟ್ರಂಕು ಹೊತ್ತವರು, ಬಾಗಿಲಲ್ಲಿ ಹಿಡಿಸುವುದಿಲ್ಲ. ಸೋಡಿಯಂ ಆಚೆಯ ನೀರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುವಂತೆ ಬೆರೆಸಿರುತ್ತಾರೆ. ಇಳಿದಷ್ಟೇ ಮಂದಿ ಹತ್ತುತ್ತಾರೆ. ಮೈಯಲ್ಲಿ ಉಳಿದ ಹೆಚ್ಚಿನ ನೀರನ್ನು ಯಂತ್ರ ಒತ್ತಡದಿಂದ ಎಳೆದುಕೊಳ್ಳುತ್ತದೆ.

1943ರಲ್ಲಿ, ಯುದ್ಧದ ನಡುವೆ, ನೆದರ್ಲೆಂಡ್ಸಿನ ವೈದ್ಯ ವಿಲ್ಲೆಮ್ ಕೋಲ್ಫ್ ಅವರಿಗೆ ಇಂಥ ಎಳೆಗಳು ಎಲ್ಲಿ ಸಿಗಬೇಕು? ಸಾಸೇಜಿಗೆ ಬಳಸುವ ಸೆಲ್ಲೊಫೇನ್ ಕೊಳವೆಯನ್ನೇ ಮರದ ಡ್ರಮ್ಮಿಗೆ ಸುತ್ತಿದರು. 1960ರ ದಶಕದಲ್ಲಿ ನಮ್ಮ ಪರೇಲಿನ ಕೆಇಎಂ ಆಸ್ಪತ್ರೆಗೂ ಡಯಾಲಿಸಿಸ್ ಬಂತು.

ನನಗೆ ಬೆರಗು ಮಾತ್ರ ನೀರಿನದು. ಒಂದು ಸಲದ ಡಯಾಲಿಸಿಸ್ಸಿಗೆ ಸುಮಾರು 120 ಲೀಟರ್ ಬೇಕು. ತಾನಸಾ, ಭಾತ್ಸಾ, ವೈತರಣಾಗಳಿಂದ ಮುಂಬೈಗೆ ಬರುವ ನೀರೇ ಅದು. ನಲ್ಲಿನೀರಿನ ಕ್ಲೋರಿನ್ ಕುಡಿಯುವ ನಮಗೆ ಒಳ್ಳೆಯದು, ರೋಗಾಣು ಕೊಲ್ಲುತ್ತದೆ. ನೇರ ರಕ್ತ ಸೇರಿದರೆ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಅದಕ್ಕೇ ಇದ್ದಿಲಿನಲ್ಲಿ ಹಾಯಿಸಿ, ಆರ್‌ಒ ಮಾಡಿ ಬಳಸುತ್ತಾರೆ.

ಅಷ್ಟು ನೀರು ಹರಿಸಿ ಬಂದ ದೊಡ್ಡಪ್ಪ ಸಂಜೆ ಕಟಿಂಗ್ ಚಹಾ ಹಿಡಿದು ಕೂರುತ್ತಾರೆ, ಗುಟುಕು ಗುಟುಕಾಗಿ. ದೊಡ್ಡಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಅವರು ಅಂದು ಕುಡಿದದ್ದರ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ: 80 ಮಿಲಿ.