ವ್ಯಾಪಾರ ಬಿದ್ದಾಗ ಯಾವ ಖರ್ಚು ನಿಲ್ಲಿಸಬಾರದು?
(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯಲ್ಲಿ ಮಾಡಿದ ಭಾಷಣ)



ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಒಂದು ಸಾಲಿದೆ. ತುಮಕೂರಿನ ಅರ್ಜಿಗಳಲ್ಲಿ ವೆಲ್ಡಿಂಗ್, ಗ್ಯಾರೇಜು, ಪೇಂಟಿಂಗ್ ಎಂದಿರುತ್ತದೆ. ಗುಬ್ಬಿಯಿಂದ ಬಂದವುಗಳಲ್ಲಿ ಕಾಯಿ ಕೀಳುವುದು, ಕಾಯಿ ಸುಲಿಯುವುದು. ಕುಣಿಗಲ್‌ನವುಗಳಲ್ಲಿ ಗಾರೆ ಕೆಲಸ, ಡ್ರೈವರ್ ಕೆಲಸ. ನಡುನಡುವೆ ‘ಪೆಟ್ಟಾಗಿ ಮನೆಯಲ್ಲಿದ್ದಾರೆ’ ಎಂಬ ಉತ್ತರವೂ ಸಿಗುತ್ತದೆ. ಆ ಮಗುವಿನ ಫೀಸನ್ನು ನಾವು ಕಟ್ಟಬಹುದು. ತಂದೆಯ ಕೈಯನ್ನು ಮರಳಿ ಕೊಡಲು ನಮ್ಮಿಂದಾಗದು.

ನಮ್ಮ ದಾನಿಗಳಲ್ಲಿ ಹಲವರು ವರ್ಕ್‌ಶಾಪ್ ಮಾಲೀಕರು, ಕೊಬ್ಬರಿ ವ್ಯಾಪಾರಿಗಳು, ಮೇಸ್ತ್ರಿಗಳು. ಅವರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. 2020ರ ಲಾಕ್‌ಡೌನಿನಲ್ಲಿ ಶಟರ್ ಎಳೆದು ಕೂತದ್ದನ್ನು ಎಲ್ಲರೂ ಕಂಡಿದ್ದೇವೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ಖರ್ಚು ಕಡಿಮೆ ಮಾಡುವುದು ತಪ್ಪಲ್ಲ. ಆದರೆ ಮೊದಲು ನಿಲ್ಲುವುದು ಯಾವುದು? ಹೊಸ ಗ್ಲೌಸು, ಸವೆದ ಹಗ್ಗದ ಬದಲು ಹೊಸ ಹಗ್ಗ, ಬೆಲ್ಟಿನ ಗಾರ್ಡ್, ಅರ್ಥಿಂಗ್ ರಿಪೇರಿ. ಇವನ್ನು ಬಿಟ್ಟರೂ ಮಾರನೆಯ ದಿನ ಕೆಲಸ ನಡೆಯುತ್ತದೆ. ಅದಕ್ಕೇ ಈ ಉಳಿತಾಯ ಸುಲಭ, ಅದಕ್ಕೇ ಅಪಾಯಕಾರಿ. ವ್ಯಾಪಾರ ಬಿದ್ದಾಗ ಅಪಾಯವೇನೂ ಕಡಿಮೆಯಾಗುವುದಿಲ್ಲ. ಇಬ್ಬರು ಮಾಡುತ್ತಿದ್ದ ಕೆಲಸವನ್ನು ಒಬ್ಬನೇ ಮಾಡುವಾಗ ಅದು ಹೆಚ್ಚುತ್ತದೆ.

ಇದರ ಬಹು ದೊಡ್ಡ ಪಾಠ ಭೋಪಾಲದ್ದು. ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಕೀಟನಾಶಕಕ್ಕೆ ಬೇಡಿಕೆ ಕುಸಿದು ನಷ್ಟ ಬಂದಿತ್ತು. ಕೆಲಸಗಾರರನ್ನು ಕಡಿಮೆ ಮಾಡಿದರು. ವಿಷದ ತೊಟ್ಟಿಯನ್ನು ತಂಪಾಗಿಡುವ ಘಟಕ ತಿಂಗಳುಗಳಿಂದ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆಯನ್ನು ಬಿಚ್ಚಿ ಹಾಗೇ ಬಿಟ್ಟಿದ್ದರು. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಹೊರಟಾಗ ತಡೆಯಲು ಏನೂ ಸಿದ್ಧವಿರಲಿಲ್ಲ. ಸತ್ತವರು ಸಾವಿರಾರು ಮಂದಿ. ಹೆಚ್ಚಿನವರು ಕಾರ್ಖಾನೆಯ ಗೋಡೆಯಾಚೆ ಮಲಗಿದ್ದ ಬಡವರು.

ನಮ್ಮ ಅಂಗಡಿಗಳು ಚಿಕ್ಕವು, ನಿಜ. ಲೆಕ್ಕ ಮಾತ್ರ ಅದೇ. ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಗೆ ಇ.ಎಸ್.ಐ. ಅನ್ವಯಿಸುತ್ತದೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರಡಿ ಬರುತ್ತಾರೆ. ಮಾಲೀಕರ ಪಾಲು ಸಂಬಳದ ಶೇ. 3.25, ಕೆಲಸಗಾರನದು ಶೇ. 0.75. ಸಂಬಳ 12,000 ಆದರೆ ಮಾಲೀಕರಿಗೆ 390, ಕೆಲಸಗಾರನಿಗೆ 90 ರೂಪಾಯಿ. ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆಯನ್ನೂ ಭತ್ಯೆಯನ್ನೂ ನಿಗಮ ಕೊಡುತ್ತದೆ. ಇ.ಎಸ್.ಐ. ಇಲ್ಲದ ಕಡೆ ನಷ್ಟಪರಿಹಾರದ ಲೆಕ್ಕ ಹೀಗೆ: 15,000 ರೂಪಾಯಿ ಸಂಬಳದ, ನಲವತ್ತು ವರ್ಷದ ಕೆಲಸಗಾರ ಕೆಲಸದಲ್ಲಿ ತೀರಿಕೊಂಡರೆ ಸಂಬಳದ ಅರ್ಧವನ್ನು 184.17ರಿಂದ ಗುಣಿಸಬೇಕು. ಅದು 13 ಲಕ್ಷದ 81 ಸಾವಿರ ದಾಟುತ್ತದೆ. ಮಕ್ಕಳೇ, ಮನೆಗೆ ಹೋಗಿ ಈ ಗುಣಾಕಾರ ಮಾಡಿ ನೋಡಿ. ಒಂದು ಹಗ್ಗ ಉಳಿಸಿದ ಲಾಭ ಎಷ್ಟೆಂದು ಆಗ ತಿಳಿಯುತ್ತದೆ.

‘ಸಂಬಳಕ್ಕೇ ದುಡ್ಡಿಲ್ಲ, ಹೆಲ್ಮೆಟ್ ಎಲ್ಲಿಂದ ತರಲಿ’ ಎನ್ನುವ ಮಾಲೀಕರೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅಂಥವರು ಒಂದೇ ಬೀದಿಯ ನಾಲ್ಕೈದು ಅಂಗಡಿಯವರು ಸೇರಿ ಒಟ್ಟಿಗೆ ಖರೀದಿಸಲಿ. ಬೋರ್ಡು, ಬಣ್ಣ, ಹಬ್ಬದ ಗಿಫ್ಟು ಒಂದು ವರ್ಷ ತಡೆಯಲಿ. ಗಾರ್ಡ್ ಇಲ್ಲದ ಯಂತ್ರವನ್ನು ರಿಪೇರಿಯಾಗುವವರೆಗೆ ಓಡಿಸದಿರಲಿ. ಕಾನೂನಿನ ಪ್ರಕಾರ ಮಾಲೀಕರು ಒದಗಿಸಬೇಕಾದ ರಕ್ಷಣಾ ಸಾಮಾನಿನ ದುಡ್ಡನ್ನು ಕೆಲಸಗಾರನ ಸಂಬಳದಲ್ಲಿ ಹಿಡಿಯುವಂತಿಲ್ಲ, ಇದೂ ನೆನಪಿರಲಿ.

ದಾನಿಗಳಿಗೆ ಇನ್ನೊಂದು ಮಾತು. ಝಕಾತ್ ಬೇರೆ, ಕೆಲಸಗಾರನ ಹಕ್ಕು ಬೇರೆ. ನಮ್ಮಲ್ಲಿ ದುಡಿಯಲು ಬಂದವನ ಜೀವ ಸಂಜೆಯವರೆಗೆ ನಮ್ಮ ಬಳಿ ಇರುವ ಅಮಾನತ್. ಅದನ್ನು ಕಾಯುವ ಖರ್ಚು ದಾನವಲ್ಲ, ಸಾಲ ತೀರಿಸಿದಂತೆ. ಅಲ್ಲಿ ಉಳಿಸಿ ಇಲ್ಲಿ ಯತೀಮರ ನಿಧಿಗೆ ಕೊಟ್ಟರೆ ನಾವು ರಸೀದಿ ಬರೆದುಕೊಡಬಹುದು, ಮನಸ್ಸು ಒಪ್ಪುವುದಿಲ್ಲ.

ಪೋಷಕರೇ, ಕಟ್ಟಡ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿ. ವರ್ಷದಲ್ಲಿ 90 ದಿನ ದುಡಿದಿರಬೇಕು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಕಂತಿನ ಹೆಚ್ಚಿನ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಮುಂದಿನ ಸಾಲಿನ ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಈ ಕಾರ್ಡುಗಳ ನಕಲು ತನ್ನಿ. ಇಲ್ಲದಿದ್ದರೆ ಅರ್ಜಿ ತಿರಸ್ಕಾರವಾಗುವುದಿಲ್ಲ. ಕಾರ್ಡಿಗೆ ಅರ್ಜಿ ತುಂಬಲು ನಾವೇ ಜೊತೆಗೆ ಕೂರುತ್ತೇವೆ.

ದುಡಿಯಲು ಹೋದ ಪ್ರತಿಯೊಬ್ಬರನ್ನೂ ಅಲ್ಲಾಹನು ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.